ನಾಯಿಮರಿ: ಮಕ್ಕಳ ಆಸೆ, ಅಮ್ಮನ ಕೆಲಸ!

"ಅಮ್ಮಾ, ಪ್ಲೀಸ್ ಅಮ್ಮಾ... ವಾಕಿಂಗ್ ನಾನೇ ಕರ್ಕೊಂಡು ಹೋಗ್ತೀನಿ. ಸ್ನಾನ ನಾನೇ ಮಾಡಿಸ್ತೀನಿ. ನೀನು ಏನೂ ಮಾಡೋದು ಬೇಡ!"

ನಿಮ್ಮ ಮನೆಯಲ್ಲೂ ಈ ರಾಗ ಶುರುವಾಗಿದೆಯೇ? ಒಂಬತ್ತನೇ ಕ್ಲಾಸಿನ ಮಗನೋ, ಪಿಯುಸಿ ಓದುವ ಮಗಳೋ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಮೊಬೈಲಿನಲ್ಲಿ ಮುದ್ದು ಮುದ್ದು ಮರಿಗಳ ಚಿತ್ರ ತೋರಿಸುತ್ತಿದ್ದಾರೆಯೇ? ಹಾಗಿದ್ದರೆ ಒಲೆ ಸ್ವಲ್ಪ ಸಣ್ಣಗೆ ಮಾಡಿ ಇದನ್ನು ಓದಿ. ಹನ್ನೊಂದು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ರಾಗ ಕೇಳಿಬಂದಿತ್ತು. ನಾನೂ ಕರಗಿದ್ದೆ. ಎರಡು ತಿಂಗಳ ಲ್ಯಾಬ್ರಡಾರ್ ಮರಿಯೊಂದು ಮನೆಗೆ ಬಂತು. ಮಗ ಅದಕ್ಕೆ 'ಚಿನ್ನು' ಅಂತ ಹೆಸರಿಟ್ಟ. ಆಗ ಅವನಿಗೆ ಹದಿನಾಲ್ಕು. ಈಗ ಇಪ್ಪತ್ತೈದು, ಪುಣೆಯಲ್ಲಿ ಕೆಲಸ. ಚಿನ್ನು? ನನ್ನ ಜೊತೆಯಲ್ಲೇ ಇದ್ದಾನೆ. ಅವನಿಗೂ ಮಂಡಿನೋವು, ನನಗೂ ಮಂಡಿನೋವು!

ನಾಯಿ ಬೇಡ ಅಂತ ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ಬೇಕು ಅನ್ನುವವಳೇ ನಾನು. ಆದರೆ ತಳಿ ಆರಿಸುವಾಗ ನಾವೆಲ್ಲ ಒಂದೇ ತಪ್ಪು ಮಾಡುತ್ತೇವೆ. ಮಕ್ಕಳ ಕಣ್ಣಿನಿಂದ ನಾಯಿಯನ್ನು ನೋಡುತ್ತೇವೆ, ನೋಡಿಕೊಳ್ಳುವವರ ಕೈಯಿಂದ ನೋಡುವುದಿಲ್ಲ.

ಲೆಕ್ಕ ಹಾಕಿ ನೋಡಿ

ಹೆಚ್ಚಿನ ನಾಯಿಗಳ ಆಯಸ್ಸು ಹತ್ತರಿಂದ ಹದಿನಾಲ್ಕು ವರ್ಷ. ದೊಡ್ಡ ತಳಿಗಳು ಸ್ವಲ್ಪ ಕಡಿಮೆ, ಚಿಕ್ಕವು ಸ್ವಲ್ಪ ಹೆಚ್ಚು ಬದುಕುತ್ತವೆ. ಮಗಳಿಗೆ ಹದಿನೈದು ಆದಾಗ ಮರಿ ತಂದರೆ ಅದು ಮುದಿಯಾಗುವ ಹೊತ್ತಿಗೆ ಅವಳಿಗೆ ಇಪ್ಪತ್ತೇಳು. ಈ ನಡುವೆ ಎಸ್ಸೆಸ್ಸೆಲ್ಸಿ, ಪಿಯುಸಿ, ಸಿಇಟಿ, ಹಾಸ್ಟೆಲ್, ಕೆಲಸ, ಮದುವೆ... ಒಂದಾದ ಮೇಲೊಂದು. ಅಂದರೆ ಮಗಳು ನಾಯಿಯ ಜೊತೆ ಇರುವುದು ಹೆಚ್ಚೆಂದರೆ ಮೂರು ವರ್ಷ. ಉಳಿದ ಒಂಬತ್ತು ವರ್ಷ ಯಾರ ಪಾಲಿಗೆ ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಇನ್ನೊಂದು ವಿಷಯ. ನಾಯಿಗೂ ಹರೆಯ ಇದೆ! ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಅದು ಹೇಳಿದ ಮಾತು ಕೇಳುವುದಿಲ್ಲ, ಚಪ್ಪಲಿ ಕಚ್ಚುತ್ತದೆ, ಕರೆದರೆ ಬರುವುದಿಲ್ಲ. ಎಂಟು ತಿಂಗಳ ಆಸುಪಾಸಿನಲ್ಲಿ ನಾಯಿಗಳು ತಮ್ಮ ಒಡೆಯರ ಮಾತನ್ನೇ ಹೆಚ್ಚು ಮೀರುತ್ತವೆ ಎಂದು 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಕಂಡುಕೊಂಡರು. ಮನೆಯಲ್ಲಿ ಈಗಾಗಲೇ ಒಬ್ಬ ಹದಿಹರೆಯದವನಿದ್ದಾನೆ. ಎರಡನೆಯವನನ್ನು ತರುತ್ತಿದ್ದೀರಿ ಅನ್ನುವುದು ನೆನಪಿರಲಿ.

ಹಾಗಾದರೆ ಯಾಕೆ ಬೇಕು?

ಇದಕ್ಕೆ ನನ್ನ ಮನೆಯದೇ ಉತ್ತರ ಇದೆ. ಮಗ ಮೊದಲ ಪಿಯುಸಿಯಲ್ಲಿ ಎರಡು ವಿಷಯಗಳಲ್ಲಿ ಫೇಲಾದ. ಮನೆಯಲ್ಲಿ ಯಾರ ಜೊತೆಯೂ ಮಾತಿಲ್ಲ. ಊಟದ ತಟ್ಟೆಯನ್ನು ರೂಮಿಗೆ ತೆಗೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಅವರಪ್ಪ ಕೂಗಾಡಿದರು, ನಾನು ಅತ್ತೆ. ಯಾವುದೂ ಪ್ರಯೋಜನಕ್ಕೆ ಬರಲಿಲ್ಲ. ಒಂದು ರಾತ್ರಿ ತಾರಸಿಯ ಮೇಲೆ ಒಣಹಾಕಿದ್ದ ಬಟ್ಟೆ ತರಲು ಹೋದೆ. ಕತ್ತಲಲ್ಲಿ ನೀರಿನ ಟ್ಯಾಂಕಿನ ಪಕ್ಕ ಅವನು ಕೂತಿದ್ದ. ಚಿನ್ನು ಅವನ ತೊಡೆಯ ಮೇಲೆ ತಲೆ ಇಟ್ಟಿತ್ತು. "ನನಗೆ ಸೈನ್ಸ್ ಬೇಡ ಕಣೋ, ಅಪ್ಪನಿಗೆ ಹೇಗೆ ಹೇಳೋದು?" ಅಂತ ನಾಯಿಯನ್ನು ಕೇಳುತ್ತಿದ್ದ. ನಾನು ಮೆಟ್ಟಿಲ ಮೇಲೆ ಹಾಗೇ ನಿಂತುಬಿಟ್ಟೆ. ಮಾರನೇ ದಿನ ನಾವೇ ಕೂತು ಮಾತಾಡಿದೆವು. ಅವನು ಕಾಮರ್ಸಿಗೆ ಹೋದ, ಚೆನ್ನಾಗಿಯೇ ಓದಿದ.

ಬುದ್ಧಿ ಹೇಳದೆ, ಪಕ್ಕದ ಮನೆಯ ಹುಡುಗನ ಜೊತೆ ಹೋಲಿಸದೆ ಸುಮ್ಮನೆ ಕೇಳಿಸಿಕೊಳ್ಳುವ ಜೀವ ಈ ವಯಸ್ಸಿನ ಮಕ್ಕಳಿಗೆ ಮನೆಯಲ್ಲಿ ಒಂದಾದರೂ ಬೇಕು. ಅದಕ್ಕೇ ಹೇಳಿದ್ದು, ನಾನು ನಾಯಿಯ ಪರ.

ಯಾವ ಮನೆಗೆ ಯಾವ ನಾಯಿ?

ಲ್ಯಾಬ್ರಡಾರ್: ಸಿಟ್ಟಿಲ್ಲ, ಮಕ್ಕಳೆಂದರೆ ಪ್ರಾಣ. 2022ರಲ್ಲಿ '777 ಚಾರ್ಲಿ' ಸಿನಿಮಾ ನೋಡಿ ಬಂದ ಎಷ್ಟು ಮಕ್ಕಳು ಲ್ಯಾಬ್ ಬೇಕೆಂದು ಹಠ ಹಿಡಿದರೋ! ಆದರೆ ಇದು ಬೆಳೆದರೆ ಮೂವತ್ತು ಕಿಲೋ ಮೀರುತ್ತದೆ. ದಿನಕ್ಕೆ ಕನಿಷ್ಠ ಒಂದು ಗಂಟೆ ಓಡಾಡಿಸಬೇಕು. ಇಲ್ಲದಿದ್ದರೆ ಬೊಜ್ಜು ಬರುತ್ತದೆ, ಸೊಂಟದ ಕೀಲು ಹಾಳಾಗುತ್ತದೆ. ಕೂದಲಂತೂ ವರ್ಷವಿಡೀ ಉದುರುತ್ತದೆ. ಚಿನ್ನು ಬೆಕ್ಕು ಕಂಡು ಎಳೆದ ರಭಸಕ್ಕೆ ನಾನು ರಸ್ತೆಯಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದೇನೆ. ಅಂಗಳ ಇದ್ದು, ಗಟ್ಟಿ ತೋಳಿನವರು ಮನೆಯಲ್ಲಿ ಸದಾ ಇದ್ದರೆ ಮಾತ್ರ ತನ್ನಿ.

ಗೋಲ್ಡನ್ ರಿಟ್ರೀವರ್: ಸ್ವಭಾವದಲ್ಲಿ ಲ್ಯಾಬಿನ ತಮ್ಮ. ಆದರೆ ಉದ್ದ ಕೂದಲು. ಮಂಗಳೂರು, ಉಡುಪಿ, ಕಾರವಾರದ ಸೆಕೆಗೂ ಮಲೆನಾಡಿನ ಮಳೆಗೂ ಈ ಕೂದಲು ಹೊಂದುವುದಿಲ್ಲ. ದಿನಾ ಬಾಚದಿದ್ದರೆ ಉಣ್ಣಿ, ಚರ್ಮರೋಗ ಗ್ಯಾರಂಟಿ.

ಜರ್ಮನ್ ಷೆಫರ್ಡ್: ಬಹಳ ಬುದ್ಧಿವಂತ ನಾಯಿ. ಬುದ್ಧಿ ಇರುವುದಕ್ಕೇ ಕೆಲಸ ಕೊಡಬೇಕು, ತರಬೇತಿ ಬೇಕು. ಕಟ್ಟಿಹಾಕಿ ಬಿಟ್ಟರೆ ಸಿಡುಕು ಬೆಳೆಸಿಕೊಳ್ಳುತ್ತದೆ. ಮಗ, ಮಗಳು, ಅಪ್ಪ ಒಬ್ಬೊಬ್ಬರು ಒಂದೊಂದು ಥರ ಆಜ್ಞೆ ಕೊಡುವ ಮನೆಗೆ ಇದು ತಕ್ಕದ್ದಲ್ಲ.

ಪಗ್: 2003ರ ಸುಮಾರಿಗೆ ಒಂದು ಮೊಬೈಲ್ ಕಂಪನಿಯ ಜಾಹೀರಾತಿನಿಂದ ಮನೆಮನೆಗೆ ಬಂದ ನಾಯಿ. ಮುದ್ದಾಗಿ ಕಾಣುವ ಆ ಚಪ್ಪಟೆ ಮೂಗೇ ಅದರ ಕಷ್ಟ. ಉಸಿರಾಟದ ತೊಂದರೆ, ಬೇಸಿಗೆಯಲ್ಲಿ ಏದುಸಿರು. ಜೊತೆಗೆ ಓಡಲು ಗೆಳೆಯ ಬೇಕೆನ್ನುವ ಮಕ್ಕಳಿಗೆ ಇದು ಸರಿಹೋಗದು.

ಹಸ್ಕಿ: ಇದು ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವ ನಾಯಿ. ಮೈಮೇಲೆ ಎರಡು ಪದರ ಕೂದಲು. ನೀಲಿ ಕಣ್ಣು ಚೆಂದ ಅಂತ ಕಲಬುರಗಿ, ರಾಯಚೂರಿನ ಬಿಸಿಲಿಗೆ ತಂದು ನಿಲ್ಲಿಸುವುದು ಪಾಪದ ಕೆಲಸ. ನಮ್ಮ ಮಕ್ಕಳಿಗೆ ಇದನ್ನು ನಾವೇ ತಿಳಿಸಿ ಹೇಳಬೇಕು.

ಬೀಗಲ್: ಗಾತ್ರ ಚಿಕ್ಕದು, ಗಂಟಲು ದೊಡ್ಡದು! ಮೂಗಿಗೆ ವಾಸನೆ ಬಡಿದರೆ ಗೇಟು ದಾಟಿ ಹೊರಟೇಬಿಡುತ್ತದೆ. ಹಗಲೆಲ್ಲ ಮನೆಗೆ ಬೀಗ ಹಾಕುವವರಿಗೆ ಬೇಡ.

ಪೊಮೇರಿಯನ್: ನಮ್ಮಲ್ಲಿ ಈ ಹೆಸರಿನಿಂದ ಕರೆಯುವ ಬಿಳಿ ನಾಯಿಗಳಲ್ಲಿ ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. 1994ರ 'ಹಮ್ ಆಪ್ಕೆ ಹೈ ಕೌನ್' ಸಿನಿಮಾದ ಟಫಿ ನೆನಪಿದೆಯಲ್ಲ, ಅದೇ. ನಮ್ಮ ಹವೆಗೆ ಒಗ್ಗಿದೆ, ಮೊಸರನ್ನ ತಿಂದುಕೊಂಡು ಎರಡು ರೂಮಿನ ಮನೆಯಲ್ಲೂ ಇರುತ್ತದೆ. ಬೊಗಳುವುದು ಜಾಸ್ತಿ. ಆದರೆ ಮಕ್ಕಳು ಹಾಸ್ಟೆಲಿಗೆ ಹೋದ ಮೇಲೆ ಅಜ್ಜಿ ಕೂಡ ಸಂಭಾಳಿಸಬಹುದಾದ ನಾಯಿ ಇದು.

ಮುಧೋಳ: ನಮ್ಮ ಬಾಗಲಕೋಟೆ ಜಿಲ್ಲೆಯ ಹೆಮ್ಮೆ. 2005ರಲ್ಲಿ ಇದರ ಅಂಚೆಚೀಟಿ ಬಂತು, 2016ರಲ್ಲಿ ಸೇನೆ ತರಬೇತಿಗೆ ಮರಿಗಳನ್ನು ಒಯ್ದಿತು. ಮುಧೋಳದ ಬಳಿ ತಿಮ್ಮಾಪುರದಲ್ಲಿ ಇದಕ್ಕಾಗಿಯೇ ಸಂಶೋಧನಾ ಕೇಂದ್ರ ಇದೆ. ಆದರೆ ಇದು ಬೇಟೆ ನಾಯಿ, ಓಡುವುದೇ ಅದರ ಬದುಕು. ಹೊಲ, ತೋಟ ಇದ್ದವರ ಮನೆಗೆ ಹೇಳಿಮಾಡಿಸಿದ್ದು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕಟ್ಟಿಹಾಕಿದರೆ ಹೆಮ್ಮೆಯಲ್ಲ, ಶಿಕ್ಷೆ.

ರಾಟ್‌ವೀಲರ್, ಪಿಟ್‌ಬುಲ್: ಗೆಳೆಯರ ಮುಂದೆ 'ಬಿಲ್ಡಪ್' ಕೊಡಲು ಹುಡುಗರು ಕೇಳುವ ನಾಯಿಗಳು. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ಇಂಥ 23 ತಳಿಗಳಿಗೆ ನಿಷೇಧ ಹೇರುವ ಸುತ್ತೋಲೆ ಹೊರಡಿಸಿತ್ತು. ಮರುತಿಂಗಳೇ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡಿತು. ಕಾನೂನು ಏನೇ ಇರಲಿ, ಮೊದಲ ಸಲ ನಾಯಿ ಸಾಕುವ ಮನೆಗೆ, ಅದರಲ್ಲೂ ಮಕ್ಕಳ ಗೆಳೆಯರು ಬಂದುಹೋಗುವ ಮನೆಗೆ ಇವು ಖಂಡಿತ ಬೇಡ.

ನನ್ನ ಓಟು ಯಾರಿಗೆ?

ನಿಜ ಹೇಳಲೇ? ಇವತ್ತು ನನ್ನನ್ನು ಕೇಳಿದರೆ, ನಮ್ಮಂಥ ಹತ್ತರಲ್ಲಿ ಎಂಟು ಮನೆಗಳಿಗೆ ನಾಡುನಾಯಿಯೇ ಸರಿ. ಹೌದು, ನಾವು 'ಬೀದಿನಾಯಿ' ಅಂತ ಮೂಗು ಮುರಿಯುವ ಅದೇ ಕಂದು ನಾಯಿ. ತೂಕ ಸಾಮಾನ್ಯವಾಗಿ ಹದಿನೈದು ಇಪ್ಪತ್ತು ಕಿಲೋ, ಚೈನು ಹಿಡಿದರೆ ನಮ್ಮ ಕೈಯಲ್ಲೇ ನಿಲ್ಲುತ್ತದೆ. ಗಿಡ್ಡ ಕೂದಲು, ಬಾಚುವ ರಗಳೆ ಇಲ್ಲ. ನಮ್ಮ ಬಿಸಿಲು, ಮಳೆ ಎರಡಕ್ಕೂ ಒಗ್ಗಿದ ಮೈ. ತಳಿನಾಯಿಗಳಿಗೆ ವಂಶದಿಂದ ಬರುವ ಕಾಯಿಲೆಗಳು ಕಡಿಮೆ. ಬೆಂಗಳೂರಿನ ಕ್ಯೂಪಾ, ಮೈಸೂರಿನ ಪೀಪಲ್ ಫಾರ್ ಅನಿಮಲ್ಸ್‌ನಂಥ ಸಂಸ್ಥೆಗಳು ಅನಾಥ ನಾಯಿಗಳಿಗೆ ಮನೆ ಹುಡುಕುತ್ತವೆ. ನಿಮ್ಮ ಊರಿನ ಪಶುವೈದ್ಯರನ್ನು ಕೇಳಿದರೂ ದಾರಿ ತೋರಿಸುತ್ತಾರೆ.

ಮರಿಯೇ ಬೇಕೆಂದೂ ಇಲ್ಲ. ಎರಡು ಮೂರು ವರ್ಷದ ನಾಯಿಯನ್ನು ತಂದರೆ ಅದರ ಗಾತ್ರ, ಸ್ವಭಾವ ಮೊದಲೇ ಗೊತ್ತಿರುತ್ತದೆ. ಚಪ್ಪಲಿ ಕಚ್ಚುವ ಕಾಲವೂ ಮುಗಿದಿರುತ್ತದೆ. ಮಗಳ ಪರೀಕ್ಷೆ ವರ್ಷದಲ್ಲಿ ರಾತ್ರಿಯೆಲ್ಲ ಕುಂಯ್ಗುಡುವ ಮರಿಗಿಂತ ಅವಳ ಕಾಲ ಬುಡದಲ್ಲಿ ಮಲಗುವ ದೊಡ್ಡ ನಾಯಿ ಒಳ್ಳೆಯದಲ್ಲವೇ?

ತರುವ ಮುನ್ನ ಒಂದು ತಿಂಗಳ ಪರೀಕ್ಷೆ

ಮಕ್ಕಳ ಮಾತಿಗೆ ಒಂದು ಸಣ್ಣ ಪರೀಕ್ಷೆ ಇಡಿ. ಮೂವತ್ತು ದಿನ ಬೆಳಗ್ಗೆ ಆರಕ್ಕೆ ಎದ್ದು ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಅವರು ವಾಕಿಂಗ್ ಹೋಗಬೇಕು. ಭಾನುವಾರವೂ, ಮಳೆ ಬಂದರೂ, ಟೆಸ್ಟ್ ಇದ್ದರೂ. ಪಕ್ಕದ ಮನೆಯ ನಾಯಿ ಸಿಕ್ಕಿದರೆ ಅದನ್ನೇ ಕರೆದುಕೊಂಡು ಹೋಗಲಿ. ರಸ್ತೆಯಲ್ಲಿ ಅದು ಮಾಡಿದ್ದನ್ನು ಹಳೇ ಪೇಪರಿನಲ್ಲಿ ಎತ್ತಲಿ. ಮೂವತ್ತು ದಿನ ಮುಗಿಸಿದರೆ ಆಸೆ ನಿಜ ಅಂತ ಅರ್ಥ. ಆರನೇ ದಿನಕ್ಕೇ "ನಾಳೆ ಹೋಗ್ತೀನಿ ಅಮ್ಮಾ" ಅಂದರೆ ನಿಮಗೆ ಉತ್ತರ ಸಿಕ್ಕಿತು, ಜಗಳವೂ ಆಗಲಿಲ್ಲ!

ಆಮೇಲೆ ಈ ವಿಷಯಗಳು ಗಮನದಲ್ಲಿರಲಿ:

* ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬೇರೆ ಮಾಡಬೇಡಿ. ಅಂಥ ಮರಿ ಮಾರುವುದು 2017ರ ನಿಯಮದ ಪ್ರಕಾರ ತಪ್ಪು. ಮಾರುವವರು ತಾಯಿನಾಯಿಯನ್ನು ತೋರಿಸಲು ಒಪ್ಪದಿದ್ದರೆ ವಾಪಸ್ ಬನ್ನಿ.

* ಆರರಿಂದ ಎಂಟು ವಾರಕ್ಕೆ ಚುಚ್ಚುಮದ್ದು ಶುರು. ಮೂರು ತಿಂಗಳಿಗೆ ರೇಬಿಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದಂತೆ ಮುಂದುವರಿಸಿ.

* ಆಟದಲ್ಲಿ ಹಲ್ಲು ತಾಗಿ ಗಾಯವಾದರೂ ಮುಚ್ಚಿಡಬಾರದು ಅಂತ ಮಕ್ಕಳಿಗೆ ಹೇಳಿ. ಬೈಗುಳಕ್ಕೆ ಹೆದರಿ ಮುಚ್ಚಿಡುವ ವಯಸ್ಸು ಅದು. ಹರಿಯುವ ನೀರಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಕೂಡಲೇ ಡಾಕ್ಟರ ಬಳಿ ಹೋಗಬೇಕು. ರೇಬಿಸ್ ಬಂದ ಮೇಲೆ ಮದ್ದಿಲ್ಲ.

* ಚಾಕೊಲೇಟ್, ಈರುಳ್ಳಿ, ದ್ರಾಕ್ಷಿ ನಾಯಿಗೆ ವಿಷ. ಮಕ್ಕಳು ಪ್ರೀತಿಯಿಂದ ತಿನ್ನಿಸುವುದೇ ಇವನ್ನು!

* ಗಂಡಾಗಲಿ ಹೆಣ್ಣಾಗಲಿ, ಸಂತಾನಹರಣ ಚಿಕಿತ್ಸೆ ಮಾಡಿಸಿ. ಸರಿಯಾದ ವಯಸ್ಸನ್ನು ವೈದ್ಯರು ಹೇಳುತ್ತಾರೆ.

ಕೊನೆಗೊಂದು ಮಾತು

ಮರಿ ಮನೆಗೆ ಬರುವ ಮೊದಲೇ ಗಂಡ, ಮಕ್ಕಳು ಎಲ್ಲರನ್ನೂ ಕೂರಿಸಿ ಒಂದು ಪ್ರಶ್ನೆ ಕೇಳಿ: "ನೀವೆಲ್ಲ ಹೊರಗೆ ಹೋದ ಮೇಲೆ ಇದರ ಕೆಲಸ ಯಾರದು?" ಎಲ್ಲರೂ ನಿಮ್ಮ ಮುಖ ನೋಡಿದರೆ, ತಳಿ ಆರಿಸುವ ಹಕ್ಕು ನಿಮ್ಮದು. ಇದನ್ನು ಜೋರಾಗಿಯೇ ಹೇಳಿ, ಸಂಕೋಚ ಬೇಡ. ಅಡುಗೆಮನೆಯ ಮಿಕ್ಸಿ ಆರಿಸುವಾಗ ನಿಮ್ಮನ್ನು ಕೇಳುತ್ತಾರೆ, ಹನ್ನೆರಡು ವರ್ಷ ಸಾಕುವ ಜೀವ ಆರಿಸುವಾಗ ಯಾಕೆ ಕೇಳಬಾರದು?

ಚಿನ್ನು ಈಗಲೂ ಸಂಜೆ ನಾಲ್ಕೂವರೆಗೆ ಎದ್ದು ಗೇಟಿನ ಹತ್ತಿರ ಹೋಗಿ ಕೂರುತ್ತಾನೆ. ಅದು ಹಿಂದೆ ಸ್ಕೂಲ್ ಬಸ್ ಬರುತ್ತಿದ್ದ ಹೊತ್ತು. ಮಗ ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡಿ "ಚಿನ್ನುನ ತೋರ್ಸಮ್ಮ" ಅನ್ನುತ್ತಾನೆ. ಆ ಧ್ವನಿ ಕೇಳಿ ಚಿನ್ನು ಕಿವಿ ನಿಮಿರಿಸಿ ಗೇಟಿನ ಕಡೆಗೇ ನೋಡುತ್ತಾನೆ, ಫೋನಿನ ಕಡೆಗಲ್ಲ. ಆಗ ನಾನು ಅವನ ಪಕ್ಕ ಹೋಗಿ ಕೂರುತ್ತೇನೆ. ಕಾಯುವುದರಲ್ಲಿ ನಾವಿಬ್ಬರೂ ಪಳಗಿದವರು. ಅವನನ್ನು ತಂದದ್ದಕ್ಕೆ ನನಗೆ ಒಂದು ದಿನವೂ ಬೇಸರವಾಗಿಲ್ಲ. ಅವನನ್ನು ಎತ್ತಿ ಆಟೋದಲ್ಲಿ ಕೂರಿಸಿ ಡಾಕ್ಟರ ಬಳಿ ಒಯ್ಯಬೇಕಾದಾಗ ಮಾತ್ರ, ಇನ್ನೊಂದು ಹದಿನೈದು ಕಿಲೋ ಕಡಿಮೆ ಇದ್ದಿದ್ದರೆ ಅನ್ನಿಸುತ್ತದೆ.

ಆದ್ದರಿಂದ ಗೆಳತಿಯರೇ, ಮಕ್ಕಳ ಆಸೆಗೆ ಹೂಂ ಅನ್ನಿ. ಆದರೆ ನಿಮ್ಮ ಕೈ ಎತ್ತಬಲ್ಲಷ್ಟೇ ದೊಡ್ಡ ನಾಯಿಗೆ ಹೂಂ ಅನ್ನಿ.