ಹೆಸರು ಕರೆದರೂ ತಿರುಗದ ಮಗು

ಮದುವೆ ಮಂಟಪದ ಮೂಲೆಯಲ್ಲಿ ಐದು ವರ್ಷದ ಮಗುವೊಂದು ಎರಡೂ ಕಿವಿ ಮುಚ್ಚಿಕೊಂಡು ಕಿರುಚುತ್ತದೆ. ಧ್ವನಿವರ್ಧಕದ ಅಬ್ಬರ ಅದಕ್ಕೆ ಅಸಹನೀಯ. ನೆರೆದವರ ದೃಷ್ಟಿ ಮಾತ್ರ ಹೋಗುವುದು ತಾಯಿಯ ಕಡೆಗೆ. ಶಿಸ್ತು ಕಲಿಸಿಲ್ಲ ಎಂದು ಒಬ್ಬರು, ನಜರ್ ತಾಗಿದೆ ಎಂದು ಇನ್ನೊಬ್ಬರು. ಆ ತಾಯಿ ಮುಂದಿನ ಮದುವೆಗೆ ಬರುವುದಿಲ್ಲ. ಬೆಳಗಾವಿಯ ಗಲ್ಲಿಗಳಲ್ಲಾಗಲಿ, ಖಾನಾಪುರದ ಪೇಟೆಯಲ್ಲಾಗಲಿ ಆಟಿಸಂ ಇರುವ ಮಕ್ಕಳು ನಮ್ಮ ಕಣ್ಣಿಗೆ ಅಷ್ಟಾಗಿ ಬೀಳದಿರುವುದೇಕೆ? ಅವರು ಮನೆಯೊಳಗಿದ್ದಾರೆ. ಒಳಗೆ ಕೂರಿಸಿದವರು ನಾವೇ.

ಏಪ್ರಿಲ್ 2ನ್ನು ಆಟಿಸಂ ಜಾಗೃತಿ ದಿನವೆಂದು ವಿಶ್ವಸಂಸ್ಥೆ ಘೋಷಿಸಿದ್ದು 2007ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನ ಸುಮಾರು 127 ಮಂದಿಯಲ್ಲಿ ಒಬ್ಬರಿಗೆ ಆಟಿಸಂ ಇತ್ತು. ಈ ಲೆಕ್ಕ ಹಿಡಿದರೆ ನಮ್ಮ ಪ್ರತಿ ಜಮಾಅತ್‌ನಲ್ಲೂ ಇಂತಹ ಕೆಲವು ಮನೆಗಳಿರಬೇಕು.

ಇದು ಅಂಟುವ ರೋಗವಲ್ಲ, ತಾಯಿಯ ಪಾಲನೆಯ ದೋಷವಂತೂ ಅಲ್ಲ. ಮೆದುಳಿನ ಬೆಳವಣಿಗೆಯಲ್ಲಿನ ಒಂದು ಭಿನ್ನತೆ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತಿಗೆ ಮೂಲವಾದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಲ್ಯಾನ್ಸೆಟ್ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಆದರೆ 2017ರ ದಡಾರ-ರುಬೆಲ್ಲಾ ಲಸಿಕಾ ಅಭಿಯಾನದ ವೇಳೆ ವಾಟ್ಸ್ಯಾಪ್‌ನಲ್ಲಿ ವದಂತಿಗಳನ್ನು ಹಂಚಿದವರಲ್ಲಿ ವಿದ್ಯಾವಂತರೂ ಇದ್ದರು ಎಂಬುದನ್ನು ವಿಷಾದದಿಂದಲೇ ಹೇಳಬೇಕಾಗಿದೆ.

ಈ ಗಡಿನಾಡಿನಲ್ಲಿ ಇನ್ನೊಂದು ತೊಡಕಿದೆ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್. ಮಗು ಮಾತಾಡದಿದ್ದರೆ ಭಾಷೆಗಳ ಗೊಂದಲವೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ಇವನ ಅಬ್ಬಾ ಕೂಡ ತಡವಾಗಿಯೇ ಮಾತಾಡಿದ್ದು ಎನ್ನುತ್ತಾರೆ. ಹಲವು ಭಾಷೆಗಳಿಂದ ಆಟಿಸಂ ಬರುವುದಿಲ್ಲ. ಒಂದು ವರ್ಷ ಕಳೆದರೂ ಹೆಸರು ಕರೆದಾಗ ತಿರುಗದಿರುವುದು, ಬೇಕಾದುದನ್ನು ಬೆರಳು ತೋರಿಸಿ ಕೇಳದಿರುವುದು, ಎರಡು ವರ್ಷವಾದರೂ ಎರಡು ಪದ ಜೋಡಿಸದಿರುವುದು, ಕಲಿತ ಮಾತು ಕಳೆದುಹೋಗುವುದು ಕಂಡುಬಂದರೆ ಕಾಯಬಾರದು. ಕಿವಿಯ ಪರೀಕ್ಷೆಯೂ ಆಗಲಿ. ಆಟಿಸಂ ಅನ್ನು ಇಲ್ಲವಾಗಿಸುವ ಔಷಧವಿಲ್ಲ; ತಾಯತಕ್ಕೂ ಆ ಶಕ್ತಿಯಿಲ್ಲ. ಬೇಗನೆ ಆರಂಭಿಸಿದ ತರಬೇತಿಯಿಂದ ಮಾತು, ನಡವಳಿಕೆ, ಸ್ವಾವಲಂಬನೆ ಸುಧಾರಿಸುತ್ತವೆ. ತಾಯತದ ಹಿಂದೆ ಅಲೆದು ಕಳೆದ ಎರಡು ವರ್ಷ ಮರಳಿ ಬಾರದು.

ಹಾಗಾದರೆ ನಾವು ಮಾಡಬಹುದಾದುದೇನು? 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಆ ದಿನ ಯಾವುದೆಂದು ಕೇಳಿ ತಿಳಿದು ನೆರೆಮನೆಯ ತಾಯಿಗೆ ಹೇಳುವುದಕ್ಕೆ ಪದವಿ ಬೇಕಿಲ್ಲ. ಖತೀಬರು ಒಂದು ಜುಮಾದಂದು ಐದು ನಿಮಿಷ ಈ ವಿಷಯಕ್ಕೆ ಮೀಸಲಿಟ್ಟರೆ, ನಮ್ಮ ಕರಪತ್ರಗಳು ತಲುಪದ ಮನೆಗೂ ಮಾತು ತಲುಪುತ್ತದೆ. ಮದ್ರಸಾದಲ್ಲಿ ಒಂದೆಡೆ ಕೂರಲಾಗದ ಹುಡುಗನಿಗೆ ಬೆತ್ತ ಉತ್ತರವಲ್ಲವೆಂದು ಉಸ್ತಾದರಿಗೆ ತಿಳಿಸಬೇಕು. ಖಾನಾಪುರದಿಂದ ಸುಮಾರು 25 ಕಿಲೋಮೀಟರ್ ದೂರದ ನಗರಕ್ಕೆ ವಾರವಾರ ಮಗುವನ್ನು ಕರೆತರುವ ಕೂಲಿಕಾರನು ಒಂದು ದಿನದ ದುಡಿಮೆ ಕಳೆದುಕೊಳ್ಳುತ್ತಾನೆ. ಕಾಡಂಚಿನ ಹಳ್ಳಿಯವನಿಗಂತೂ ಬಸ್ಸು ಸಿಕ್ಕುವುದೇ ಕಷ್ಟ. ಬೆಳಗಾವಿಗೆ ನಿತ್ಯ ವ್ಯಾಪಾರಕ್ಕೆ ಹೋಗುವ ನಮ್ಮವರ ವಾಹನಗಳಲ್ಲಿ ಎರಡು ಆಸನಗಳು ಖಾಲಿ ಇಲ್ಲವೇ?

ಹಕ್ಕಿನ ಮಾತೂ ಇದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆ ಅದನ್ನು 21 ವೈಕಲ್ಯಗಳಲ್ಲಿ ಸೇರಿಸಿತು. ಪ್ರಮಾಣಪತ್ರ ಪಡೆದ ಮಗುವಿಗೆ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಯೋಜನೆಯಡಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆ ದೊರೆಯುತ್ತದೆ. 'ಹುಚ್ಚು' ಎಂಬ ಹಣೆಪಟ್ಟಿ ಬೀಳುತ್ತದೆ, ಅಕ್ಕನ ಮದುವೆ ನಿಂತುಹೋಗುತ್ತದೆ ಎಂಬ ಭಯದಿಂದ ಅರ್ಜಿಯನ್ನೇ ಹಾಕದ ಮನೆಗಳಿವೆ. ಆ ಭಯ ಹುಟ್ಟಿಸಿದವರು ಸರಕಾರದವರಲ್ಲ, ಸಂಬಂಧ ಕೇಳಿಬರುವ ನಾವು.

ನಾವು ಸತ್ತ ಮೇಲೆ ಇವನಿಗೆ ಯಾರು ಎಂಬುದು ಇಂತಹ ಹೆತ್ತವರನ್ನು ರಾತ್ರಿಯಿಡೀ ಎಚ್ಚರವಾಗಿರಿಸುವ ಪ್ರಶ್ನೆ. 18 ವರ್ಷ ತುಂಬಿದವರಿಗೆ ಅಗತ್ಯವಿದ್ದರೆ ಕಾನೂನುಬದ್ಧ ಪೋಷಕರನ್ನು ನೇಮಿಸಲು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿ ಸ್ಥಳೀಯ ಸಮಿತಿಯ ವ್ಯವಸ್ಥೆಯಿದೆ. ಜಿಲ್ಲಾಧಿಕಾರಿಯೂ ಅದರ ಸದಸ್ಯರು. ಅರ್ಜಿ ಬರೆಯಲು ತಿಳಿದವರೊಬ್ಬರು ಪ್ರತಿ ಮೊಹಲ್ಲಾದಲ್ಲೂ ಮುಂದೆ ಬರಲಿ. ಮೊದಲು ಆ ಮನೆಯ ಬಾಗಿಲು ತಟ್ಟಲಿ.