ಮೆದುಳಿನ ನಾಳದೊಳಗೆ ಜಾಲರಿ, ಮನೆಯೊಳಗೆ ಔಷಧಿಯ ಚೀಟಿ

ಮೆದುಳಿನ ರಕ್ತನಾಳದ ಗೋಡೆ ಒಂದೆಡೆ ದುರ್ಬಲಗೊಂಡು ಗುಳ್ಳೆಯಂತೆ ಉಬ್ಬುವುದಕ್ಕೆ ಆನ್ಯೂರಿಸಂ ಎಂದು ಹೆಸರು. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿ ಇಂತಹ ಉಬ್ಬು ಇರಬಹುದೆಂಬುದು ಅಂದಾಜು. ಬಹುಪಾಲು ಉಬ್ಬುಗಳು ಒಡೆಯುವುದೇ ಇಲ್ಲ. ಆದರೆ ಒಡೆದರೆ ಪ್ರಾಣಕ್ಕೇ ಸಂಚಕಾರ. ರಕ್ತದೊತ್ತಡ ಮತ್ತು ಧೂಮಪಾನ ಈ ಅಪಾಯವನ್ನು ಹೆಚ್ಚಿಸುತ್ತವೆ.

ಮೊದಲು ತಲೆಬುರುಡೆ ತೆರೆದು ಉಬ್ಬಿನ ಕುತ್ತಿಗೆಗೆ ಕ್ಲಿಪ್ ಹಾಕುವುದೇ ಚಿಕಿತ್ಸೆಯಾಗಿತ್ತು. 1990ರ ದಶಕದಲ್ಲಿ ರಕ್ತನಾಳದ ಮೂಲಕವೇ ಸಾಗಿ ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬುವ ವಿಧಾನ ಬಳಕೆಗೆ ಬಂತು. ಆದರೆ ಬಾಯಿ ಅಗಲವಾದ ದೊಡ್ಡ ಉಬ್ಬುಗಳಲ್ಲಿ ಸುರುಳಿ ನಿಲ್ಲುವುದು ಕಷ್ಟ. ಈ ಕೊರತೆಗೆ ಉತ್ತರವಾಗಿ ಬಂದದ್ದು ಫ್ಲೋ ಡೈವರ್ಟರ್, ಅಂದರೆ ರಕ್ತದ ಹರಿವನ್ನು ತಿರುಗಿಸುವ ಸ್ಟೆಂಟ್. ‘ಪೈಪ್‌ಲೈನ್’ ಎಂಬ ಇಂತಹ ಸಾಧನಕ್ಕೆ 2011ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅನುಮತಿ ನೀಡಿತು.

ಇದು ಉಬ್ಬಿನೊಳಗೆ ಹೋಗುವುದಿಲ್ಲ. ಸೂಕ್ಷ್ಮ ತಂತಿಗಳಿಂದ ಹೆಣೆದ ಈ ಕೊಳವೆ ಮೂಲ ರಕ್ತನಾಳದಲ್ಲಿ, ಉಬ್ಬಿನ ಬಾಯಿಗೆ ಅಡ್ಡವಾಗಿ ಕೂರುತ್ತದೆ. ಒಳನುಗ್ಗುತ್ತಿದ್ದ ರಕ್ತದ ರಭಸ ತಗ್ಗಿ, ಉಬ್ಬಿನೊಳಗೆ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಜಾಲರಿಯ ಮೇಲೆ ಕ್ರಮೇಣ ನಾಳದ ಒಳಪೊರೆ ಬೆಳೆದು ಬಾಯಿ ಮುಚ್ಚುತ್ತದೆ. ತೋಡಿನ ದಂಡೆ ಕೊರೆದ ಕಡೆಗೆ ತಡೆ ಕಟ್ಟಿ ನೀರನ್ನು ಹಳೆಯ ಪಾತ್ರಕ್ಕೆ ಮರಳಿಸಿದಂತೆ.

ಫಲ ಸಿಗಲು ಸಮಯ ಬೇಕು. 108 ರೋಗಿಗಳನ್ನು ಸೇರಿಸಿಕೊಂಡ ಪಫ್ಸ್ ಅಧ್ಯಯನದಲ್ಲಿ ಆರು ತಿಂಗಳಿಗೆ ಶೇ. 73.6 ಉಬ್ಬುಗಳು ಪೂರ್ಣವಾಗಿ ಮುಚ್ಚಿದ್ದವು. ಐದು ವರ್ಷಗಳ ತಪಾಸಣೆಗೆ ಬಂದವರಲ್ಲಿ ಈ ಪ್ರಮಾಣ ಶೇ. 95ನ್ನು ಮುಟ್ಟಿತ್ತು. ಅದೇ ಅಧ್ಯಯನದಲ್ಲಿ ಶೇ. 5.6 ರೋಗಿಗಳಿಗೆ ಗಂಭೀರ ಪಾರ್ಶ್ವವಾಯು ಅಥವಾ ನರಸಂಬಂಧಿ ಮರಣ ಸಂಭವಿಸಿದ್ದನ್ನೂ ಮರೆಯಬಾರದು. ಆದ್ದರಿಂದ ಕಂಡ ಉಬ್ಬಿಗೆಲ್ಲ ಸ್ಟೆಂಟ್ ಎಂಬುದು ಸರಿಯಲ್ಲ. ಚಿಕ್ಕ ಉಬ್ಬನ್ನು ಕಾಲಕಾಲಕ್ಕೆ ಪರೀಕ್ಷಿಸುತ್ತಿರುವುದೇ ಹಲವರಿಗೆ ಸೂಕ್ತ.

ಇಲ್ಲಿಂದ ಮುಂದಿನ ಹೊಣೆ ಮನೆಯವರದು. ಜಾಲರಿಯ ಮೇಲೆ ಪೊರೆ ಬೆಳೆಯುವವರೆಗೆ ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಜೊತೆಗೆ ಕ್ಲೊಪಿಡೊಗ್ರೆಲ್‌ನಂತಹ ಎರಡನೆಯ ಔಷಧಿಯನ್ನು ಸಾಮಾನ್ಯವಾಗಿ ಹಲವು ತಿಂಗಳು ಸೇವಿಸಬೇಕು. ಹಲ್ಲು ಕೀಳಿಸುವುದಕ್ಕೆಂದೋ, ಆರಾಮವಾಯಿತೆಂದೋ ತಾವಾಗಿ ನಿಲ್ಲಿಸಿದರೆ ಪಾರ್ಶ್ವವಾಯು ಎರಗಬಹುದು. ಲಕ್ಷಾಂತರ ರೂಪಾಯಿಯ ಚಿಕಿತ್ಸೆಯ ಯಶಸ್ಸು ಹೀಗೆ ಒಂದು ಚೀಟಿಯನ್ನು ಸರಿಯಾಗಿ ಓದುವುದರಲ್ಲಿ ನಿಂತಿದೆ.

ಆ ಚೀಟಿ ಯಾವ ಭಾಷೆಯಲ್ಲಿದೆ? ಕಾಸರಗೋಡಿನ ಕನ್ನಡ ಮನೆಗಳಲ್ಲಿ ಇಂಗ್ಲಿಷಿನ ಬಿಡುಗಡೆ ಪತ್ರವನ್ನೂ ಮಲಯಾಳದ ಸೂಚನೆಯನ್ನೂ ಅಜ್ಜಿಗೆ ಓದಿ ಹೇಳುವವರು ಅನೇಕ ವೇಳೆ ಶಾಲೆಗೆ ಹೋಗುವ ಮಕ್ಕಳೇ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಮಾನ್ಯಮಾಡಿದೆ. ಅದರ ಆಶಯ ಆಸ್ಪತ್ರೆಯ ಚೀಟಿಯವರೆಗೂ ತಲುಪಬೇಕೆಂದು ಕೇಳುವುದು ಅತಿಯಾಸೆಯಲ್ಲ. ಭಾಷೆಯ ಪ್ರಶ್ನೆ ಇಲ್ಲಿ ಅಭಿಮಾನದ್ದಲ್ಲ, ಜೀವದ್ದು.

ವೆಚ್ಚದ ವಿಷಯದಲ್ಲಿ ಒಂದು ಆಶಾಕಿರಣವುಂಟು. ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆ ನಿಟಿನಾಲ್ ಲೋಹದ ಸ್ವದೇಶಿ ಫ್ಲೋ ಡೈವರ್ಟರನ್ನು ರೂಪಿಸಿ, 2020ರಲ್ಲಿ ಅದರ ತಂತ್ರಜ್ಞಾನವನ್ನು ಪುಣೆಯ ಕಂಪನಿಯೊಂದಕ್ಕೆ ವರ್ಗಾಯಿಸಲು ಒಪ್ಪಂದ ಮಾಡಿಕೊಂಡಿತು. ಆಮದು ಸಾಧನದ ಹೊರೆ ತಗ್ಗಲು ಇಂತಹ ಯತ್ನಗಳೇ ದಾರಿ.

ಪೋಷಕರು ನೆನಪಿಡಬೇಕಾದುದು ಇಷ್ಟು: ಹಿಂದೆಂದೂ ಕಾಣದಂತಹ ತೀವ್ರ ತಲೆನೋವು ಒಮ್ಮೆಲೇ ಬಂದು, ವಾಂತಿ, ಕುತ್ತಿಗೆ ಬಿಗಿತ ಅಥವಾ ಪ್ರಜ್ಞೆ ತಪ್ಪುವುದು ಕಂಡರೆ ತಡಮಾಡದೆ 108ಕ್ಕೆ ಕರೆಮಾಡಿರಿ. ತುರ್ತಿಲ್ಲದ ಚಿಕಿತ್ಸೆಗೆ ಮಂಗಳೂರಿಗೆ ಹೊರಡುವವರು ತಮ್ಮ ರಾಜ್ಯದ ಆರೋಗ್ಯ ಕಾರ್ಡು ಅಲ್ಲಿ ನಡೆಯುವುದೇ ಎಂದು ಮೊದಲೇ ವಿಚಾರಿಸಿರಿ. ಮರಳುವ ಮುನ್ನ ಯಾವ ಮಾತ್ರೆ, ಎಷ್ಟು ದಿನ, ಯಾರನ್ನು ಕೇಳದೆ ನಿಲ್ಲಿಸಬಾರದು ಎಂಬುದನ್ನು ಕನ್ನಡದಲ್ಲಿ ಬರೆಸಿಕೊಂಡೇ ಬನ್ನಿ.