ತಲೆಕೆಳಗಾದದ್ದು ವಿಮಾನಕ್ಕೆ ತಿಳಿಯಲಿಲ್ಲ

1955ರ ಆಗಸ್ಟ್ 7, ಭಾನುವಾರ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರದ ದಂಡೆಯುದ್ದಕ್ಕೂ ಜನವೋ ಜನ. ನೀರಿನ ಮೇಲೆ ವೇಗದ ದೋಣಿಗಳ ಪಂದ್ಯ. ಬೋಯಿಂಗ್ ಕಂಪನಿಯ ಅಧ್ಯಕ್ಷ ವಿಲಿಯಂ ಅಲೆನ್ ವಿಮಾನೋದ್ಯಮದ ದೊಡ್ಡ ಮನುಷ್ಯರನ್ನೆಲ್ಲ ಕರೆತಂದು ದೋಣಿಯೊಂದರಲ್ಲಿ ಕೂರಿಸಿಕೊಂಡಿದ್ದ. ತನ್ನ ಕಂಪನಿಯ ಹೊಸ ಜೆಟ್ ವಿಮಾನ ತಲೆಯ ಮೇಲೆ ಹಾದುಹೋಗುವುದನ್ನು ಅವರಿಗೆ ತೋರಿಸಬೇಕಿತ್ತು, ಅಷ್ಟೆ.

ವಿಮಾನ ಬಂತು. ಹಳದಿ ಮತ್ತು ಕಂದು ಬಣ್ಣ, ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 39 ಮೀಟರ್, ನಾಲ್ಕು ಜೆಟ್ ಇಂಜಿನ್. ಸರೋವರದ ಮೇಲೆ ಮೂಗನ್ನು ಸ್ವಲ್ಪ ಮೇಲೆತ್ತಿತು. ಒಂದು ಪಕ್ಕಕ್ಕೆ ವಾಲಿತು, ಇನ್ನೂ ವಾಲಿತು, ಪೂರ್ತಿ ಮಗುಚಿತು, ಹಾಗೆಯೇ ಸುತ್ತಿ ಮತ್ತೆ ನೆಟ್ಟಗಾಯಿತು. ನೋಡಿದ್ದು ನಿಜವೇ ಎಂದು ಜನ ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ತಿರುಗಿ ಬಂದು ಅದನ್ನೇ ಇನ್ನೊಮ್ಮೆ ಮಾಡಿತು! ದೋಣಿಯಲ್ಲಿದ್ದ ಅಲೆನ್ ಪಕ್ಕದವರ ಬಳಿ ಹೃದ್ರೋಗದ ಮಾತ್ರೆ ಕೇಳಿದನೆಂದು ಕಥೆ.

ಅವನ ಗಾಬರಿಗೆ ಕಾರಣವಿತ್ತು. ಆ ವಿಮಾನದ ಹೆಸರು 367-80. ಮುಂದೆ ಬೋಯಿಂಗ್ 707 ಎಂದು ಲೋಕವೆಲ್ಲ ಹಾರಾಡಿದ ವಿಮಾನದ ಮೊದಲ ರೂಪ. ಕಂಪನಿ ತನ್ನ ಸ್ವಂತ ಹಣ 1 ಕೋಟಿ 60 ಲಕ್ಷ ಡಾಲರನ್ನು ಅದರ ಮೇಲೆ ಸುರಿದಿತ್ತು. ಪ್ರಯಾಣಿಕರಿಗಾಗಿ ಅದನ್ನು ಕೊಳ್ಳುತ್ತೇವೆಂದು ಒಂದು ವಿಮಾನ ಸಂಸ್ಥೆಯೂ ಅಲ್ಲಿಯವರೆಗೆ ಬಂದಿರಲಿಲ್ಲ. ಹಿಂದಿನ ವರ್ಷವಷ್ಟೇ ಬ್ರಿಟನ್ನಿನ ಎರಡು ಕಾಮೆಟ್ ಜೆಟ್‌ಗಳು ಆಕಾಶದಲ್ಲೇ ಒಡೆದು ಬಿದ್ದಿದ್ದವು. ಜೆಟ್ ಎಂದರೆ ಜನ ಹೆದರುತ್ತಿದ್ದ ಕಾಲ. ಎಲ್ಲಕ್ಕಿಂತ ಮುಖ್ಯವಾಗಿ, ಅಂಥ ವಿಮಾನ ಇದ್ದುದು ಒಂದೇ ಒಂದು.

ಅದನ್ನು ನಡೆಸುತ್ತಿದ್ದವನು ಪರೀಕ್ಷಾ ಚಾಲಕ ಆಲ್ವಿನ್ ಜಾನ್‌ಸ್ಟನ್. ‘ಟೆಕ್ಸ್’ ಎಂದೇ ಪ್ರಸಿದ್ಧ. ಹುಟ್ಟಿದ್ದು ಟೆಕ್ಸಾಸ್‌ನಲ್ಲಲ್ಲ, ಕನ್ಸಾಸ್‌ನಲ್ಲಿ. ದನಗಾಹಿಗಳ ಬೂಟು, ಅಗಲ ಅಂಚಿನ ಹ್ಯಾಟು ಧರಿಸುತ್ತಿದ್ದುದರಿಂದ ಆ ಹೆಸರು ಅಂಟಿಕೊಂಡಿತ್ತು. ಬಿ-52 ಬಾಂಬರನ್ನು ಮೊದಲ ಸಲ ಹಾರಿಸಿದ ತಂಡದ ಮುಖ್ಯಸ್ಥನೂ ಅವನೇ. ಮರುದಿನ ಅಧ್ಯಕ್ಷರು ಕರೆಸಿ ಏನು ಮಾಡುತ್ತಿದ್ದೆ ಎಂದು ಕೇಳಿದಾಗ, ವಿಮಾನ ಮಾರುತ್ತಿದ್ದೆ ಎಂದನಂತೆ. ಇದು ‘1 ಜಿ’ ಚಲನೆ, ವಿಮಾನಕ್ಕೆ ಯಾವ ಅಪಾಯವೂ ಇಲ್ಲ ಎಂದೂ ವಿವರಿಸಿದ.

ಏನಿದು 1 ಜಿ? ನೆಲದ ಮೇಲೆ ಕುರ್ಚಿಯಲ್ಲಿ ಕುಳಿತಾಗ ಕುರ್ಚಿ ನಮ್ಮನ್ನು ಎಷ್ಟು ಬಲದಿಂದ ಮೇಲಕ್ಕೆ ಒತ್ತುತ್ತದೋ ಅದೇ 1 ಜಿ. ನಮ್ಮ ಮಾಮೂಲಿ ತೂಕ. 2 ಜಿ ಎಂದರೆ ಅದರ ಎರಡರಷ್ಟು.

ಒಂದು ಸಣ್ಣ ಬಕೆಟ್ಟಿಗೆ ಅರ್ಧ ನೀರು ತುಂಬಿ, ಹಿಡಿ ಭದ್ರವಾಗಿ ಹಿಡಿದು, ತೋಳು ಚಾಚಿ ತಲೆಯ ಮೇಲಿನಿಂದ ಸುತ್ತಿಸಿ ನೋಡಿ. (ಅಂಗಳದಲ್ಲಿ ಮಾಡಿ, ಹತ್ತಿರ ಯಾರೂ ಇರಬಾರದು. ಅಮ್ಮ ಬಟ್ಟೆ ಒಣಹಾಕಿದ ಕಡೆಯಂತೂ ಬೇಡ.) ಬಕೆಟ್ಟು ತಲೆಕೆಳಗಾದರೂ ನೀರು ಬೀಳುವುದಿಲ್ಲ. ಭುಜದಿಂದ ನೀರಿಗೆ ಒಂದು ಮೀಟರ್ ದೂರವಿದ್ದರೆ, ಒಂದು ಸುತ್ತು ಎರಡು ಸೆಕೆಂಡಿನೊಳಗೆ ಮುಗಿಯಬೇಕು. ನಿಧಾನಿಸಿದಿರೋ, ಸ್ನಾನ! ವಿದ್ಯಾರ್ಥಿಗಳು ಈ ಎರಡು ಸೆಕೆಂಡ್ ಎಲ್ಲಿಂದ ಬಂತೆಂದು ಕೇಂದ್ರಾಭಿಮುಖ ವೇಗೋತ್ಕರ್ಷದ ಸೂತ್ರ ಬಳಸಿ ತಾವೇ ಲೆಕ್ಕ ಹಾಕಬಹುದು. ಇಲ್ಲಿ ನೀರನ್ನು ವೃತ್ತದ ಕೇಂದ್ರದತ್ತ ಒತ್ತುತ್ತಿರುವುದು ಬಕೆಟ್ಟಿನ ತಳ. ತಳ ಒತ್ತುತ್ತಿರುವವರೆಗೆ ನೀರಿಗೆ ಅದೇ ‘ಕೆಳಗೆ’.

ಜಾನ್‌ಸ್ಟನ್ ಮಾಡಿದ್ದಕ್ಕೆ ‘ಬ್ಯಾರೆಲ್ ರೋಲ್’ ಎನ್ನುತ್ತಾರೆ. ದೊಡ್ಡ ಪೀಪಾಯಿಯೊಂದನ್ನು ಅಡ್ಡ ಮಲಗಿಸಿ, ಅದರ ಒಳಗೋಡೆಯ ಮೇಲೆ ಇರುವೆ ಸುತ್ತುತ್ತ ಸುತ್ತುತ್ತ ಮುಂದೆ ಹೋಗುವುದನ್ನು ಊಹಿಸಿಕೊಳ್ಳಿ. ಇರುವೆಯ ಬೆನ್ನು ಯಾವಾಗಲೂ ಪೀಪಾಯಿಯ ಒಳಮುಖಕ್ಕೇ. ವಿಮಾನದ ದಾರಿಯೂ ಹಾಗೆಯೇ. ಗೋಡೆಯ ಬದಲು ಅಲ್ಲಿರುವುದು ಗಾಳಿ. ರೆಕ್ಕೆಗಳು ಹುಟ್ಟಿಸುವ ಎತ್ತುವ ಬಲ ವಿಮಾನವನ್ನು ಸದಾ ಒಳಮುಖವಾಗಿ ತಳ್ಳುತ್ತಿರುತ್ತದೆ. ಆದ್ದರಿಂದ ಒಳಗೆ ಕುಳಿತವರು ಆಸನಕ್ಕೆ ಒತ್ತಿಕೊಂಡೇ ಇರುತ್ತಾರೆ, ಇಂಧನ ಟ್ಯಾಂಕಿನ ತಳದಲ್ಲೇ ಇರುತ್ತದೆ, ಇಂಜಿನ್ ಎಂದಿನಂತೆ ಉರಿಯುತ್ತದೆ. ಭೂಮಿ ಮೇಲಿದೆಯೋ ಕೆಳಗಿದೆಯೋ ರೆಕ್ಕೆಗೆ ತಿಳಿಯುವುದಿಲ್ಲ. ಅದಕ್ಕೆ ತಿಳಿಯುವುದು ಭಾರ ಮಾತ್ರ. ಬಾಬ್ ಹೂವರ್ ಎಂಬ ಅಮೆರಿಕದ ಚಾಲಕ ಎರಡು ಇಂಜಿನ್ನುಗಳ ಸಣ್ಣ ವಿಮಾನವನ್ನು ಹೀಗೆ ಉರುಳಿಸುತ್ತಲೇ ಜಗ್ಗಿನಿಂದ ಲೋಟಕ್ಕೆ ತಣ್ಣನೆಯ ಚಹಾ ಬಗ್ಗಿಸಿ ತೋರಿಸುತ್ತಿದ್ದ. ಒಂದು ಹನಿ ಚೆಲ್ಲುತ್ತಿರಲಿಲ್ಲ.

ಆದರೆ ಇಲ್ಲೊಂದು ಎಡವಟ್ಟಿದೆ. ವಿಮಾನ ಮಗುಚಿರುವಾಗ ರೆಕ್ಕೆಯ ಬಲವೂ ನೆಲದತ್ತಲೇ, ಗುರುತ್ವವೂ ನೆಲದತ್ತಲೇ. ಕಲ್ಲು ಬೀಳುವುದಕ್ಕಿಂತ ಹೆಚ್ಚಿನ ವೇಗೋತ್ಕರ್ಷದಿಂದ ಅದು ನೆಲದ ಕಡೆಗೆ ಸೆಳೆಯಲ್ಪಡುತ್ತದೆ. ಅದಕ್ಕೇ ಚಾಲಕ ಮೊದಲೇ ಮೂಗೆತ್ತಿ, ಚೆಂಡನ್ನು ಮೇಲಕ್ಕೆ ಎಸೆದಂತೆ ವಿಮಾನಕ್ಕೆ ಮೇಲ್ಮುಖ ವೇಗ ಕೊಟ್ಟಿರಬೇಕು. ಆ ವೇಗ ತೀರುವುದರೊಳಗೆ ಸುತ್ತು ಮುಗಿಸಬೇಕು. ಅರ್ಧದಲ್ಲಿ ತಡವರಿಸಿದರೆ ಮೂಗು ಸರೋವರಕ್ಕೆ. ಜಾನ್‌ಸ್ಟನ್‌ನ ಭೌತವಿಜ್ಞಾನ ಸರಿಯಾಗಿತ್ತು. ಕೈಯೂ ಪಳಗಿತ್ತು. ಆದರೆ ಯಾರನ್ನೂ ಕೇಳದೆ, ಇದ್ದ ಒಂದೇ ವಿಮಾನವನ್ನು, ಸಾವಿರಾರು ಜನರ ತಲೆಯ ಮೇಲೆ? ಅಲೆನ್ ವಕೀಲಿಕೆ ಮಾಡಿದ್ದವನು. ಅದು ನಿನಗೆ ಗೊತ್ತಿತ್ತು, ಈಗ ನಮಗೂ ಗೊತ್ತಾಯಿತು, ಇನ್ನೊಮ್ಮೆ ಮಾಡಬೇಡ ಎಂಬರ್ಥದ ಮಾತು ಹೇಳಿ ಕಳುಹಿಸಿದ. ಬಹಳ ತೂಕದ ಮಾತು.

ಎರಡು ತಿಂಗಳ ನಂತರ, ಅಕ್ಟೋಬರ್‌ನಲ್ಲಿ, ಪ್ಯಾನ್ ಅಮೆರಿಕನ್ ಸಂಸ್ಥೆ 20 ಬೋಯಿಂಗ್ 707ಗಳಿಗೆ ಆರ್ಡರ್ ಕೊಟ್ಟಿತು. ಆ ಪಲ್ಟಿಯಿಂದಲೇ ವಿಮಾನ ಮಾರಾಟವಾಯಿತು ಎನ್ನುವವರು, ಅದೇ ದಿನ ಅದೇ ಸಂಸ್ಥೆ ಪ್ರತಿಸ್ಪರ್ಧಿ ಡಗ್ಲಸ್ ಕಂಪನಿಗೆ 25 ಡಿಸಿ-8 ವಿಮಾನಗಳ ಆರ್ಡರ್ ಕೊಟ್ಟದ್ದನ್ನು ಮರೆಯುತ್ತಾರೆ. ಡಗ್ಲಸ್ ಯಾವ ಪಲ್ಟಿಯನ್ನೂ ಹೊಡೆದಿರಲಿಲ್ಲ. 1960ರಲ್ಲಿ 707 ನಮ್ಮ ಏರ್ ಇಂಡಿಯಾಕ್ಕೂ ಬಂತು.

ಅಲೆನ್ ಹೆದರಿದ್ದು ಯಾವುದಕ್ಕೆ ಎಂಬುದು 1959ರ ಅಕ್ಟೋಬರ್ 19ರಂದು ಗೊತ್ತಾಯಿತು. ಬ್ರಾನಿಫ್ ಸಂಸ್ಥೆಗೆ ಒಪ್ಪಿಸಬೇಕಿದ್ದ ಹೊಚ್ಚ ಹೊಸ 707ರಲ್ಲಿ ಸಿಯಾಟಲ್‌ನ ಉತ್ತರಕ್ಕೆ ತರಬೇತಿ ನಡೆದಿತ್ತು. ಕಲಿಸುತ್ತಿದ್ದವನು ಬೋಯಿಂಗ್‌ನ ಅನುಭವಿ ಚಾಲಕ; ಕಲಿಸುತ್ತಿದ್ದುದು ‘ಡಚ್ ರೋಲ್’, ಅಂದರೆ ವಿಮಾನದ ಬಾಲ ಅತ್ತಿತ್ತ ಬೀಸುತ್ತ ರೆಕ್ಕೆಗಳೂ ಅತ್ತಿತ್ತ ವಾಲುವ ಓಲಾಟವನ್ನು ಹತೋಟಿಗೆ ತರುವ ಬಗೆ. ವಾಲುವುದಕ್ಕೆ ನಿಗದಿಯಾಗಿದ್ದ ಮಿತಿಯನ್ನು ಮೀರಿ ವಿಮಾನವನ್ನು ವಾಲಿಸಲಾಯಿತು. ಅದು ಕೈಮೀರಿ ಹೊರಳಿತು. ನಾಲ್ಕರಲ್ಲಿ ಮೂರು ಇಂಜಿನ್‌ಗಳು ಕಿತ್ತುಹೋದವು, ಬೆಂಕಿ ಹತ್ತಿತು. ಉಳಿದ ಒಂದೇ ಇಂಜಿನ್ನಿನಿಂದ ನದಿಯ ಪಾತ್ರದಲ್ಲಿ ಇಳಿಸುವ ಪ್ರಯತ್ನ ನಡೆಯಿತು. ಎಂಟು ಜನರಲ್ಲಿ ನಾಲ್ವರು ಸತ್ತರು. ಬಾಲದ ಭಾಗದಲ್ಲಿದ್ದ ನಾಲ್ವರು ಉಳಿದರು.

ವಿಮಾನದ ಮಾದರಿ ಅದೇ. ಹೊರಳಿದ್ದೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಬಲದ ದಿಕ್ಕಿನದು. ಜಾನ್‌ಸ್ಟನ್‌ನ ವಿಮಾನದಲ್ಲಿ ಬಲವೆಲ್ಲ ಆಸನದ ಕಡೆಯಿಂದ ಬಂತು. ಇಂಜಿನ್ ತೂಗುವ ಕೊಂಡಿಗಳು ಹೊರಲೆಂದೇ ತಯಾರಾದ ಬಲ ಅದು. ಬ್ರಾನಿಫ್ ವಿಮಾನಕ್ಕೆ ಹೊಡೆತ ಬಿದ್ದದ್ದು ಪಕ್ಕದಿಂದ. ಬಕೆಟ್ಟನ್ನು ಸುತ್ತಿಸುವುದಕ್ಕೂ ಅಡ್ಡಡ್ಡ ಜಗ್ಗುವುದಕ್ಕೂ ಇರುವ ಅಂತರವೇ ಇದು.

1985ರ ಫೆಬ್ರುವರಿ 19ರಂದು ಚೀನಾ ಏರ್‌ಲೈನ್ಸ್‌ನ 747 ವಿಮಾನವೊಂದು 274 ಜನರನ್ನು ಹೊತ್ತು ಪೆಸಿಫಿಕ್ ಸಾಗರದ ಮೇಲೆ 41,000 ಅಡಿ ಎತ್ತರದಿಂದ ಮಗುಚಿ ಬಿತ್ತು. ಬಲತುದಿಯ ಇಂಜಿನ್ ಸೋತಿತ್ತು. ಎಲ್ಲರ ಗಮನ ಅದರ ಮೇಲೆ. ವೇಗ ಇಳಿದದ್ದೂ ವಿಮಾನ ವಾಲಿದ್ದೂ ಸಮಯಕ್ಕೆ ಗಮನಕ್ಕೆ ಬರಲಿಲ್ಲ. ಸುತ್ತ ಮೋಡ, ದಿಗಂತ ಕಾಣದು. ಎರಡೂವರೆ ನಿಮಿಷದಲ್ಲಿ 30,000 ಅಡಿಗೂ ಹೆಚ್ಚು ಕುಸಿದು, ಮೋಡದಿಂದ ಹೊರಬಿದ್ದ ಮೇಲೆ ಚಾಲಕರು ಅದನ್ನು ನೆಟ್ಟಗೆ ಮಾಡಿದರು. ಪ್ರಯಾಣಿಕ ವಿಮಾನವನ್ನು 2.5 ಜಿ ಭಾರಕ್ಕೆ, ಅದರ ಮೇಲೆ ಒಂದೂವರೆ ಪಟ್ಟಿನ ಭದ್ರತೆ ಸೇರಿಸಿ ಕಟ್ಟುತ್ತಾರೆ. ಇದು 5 ಜಿ ತಾಳಿಕೊಂಡಿತು! ರೆಕ್ಕೆಗಳ ತುದಿ ಎರಡು ಮೂರು ಅಂಗುಲ ಶಾಶ್ವತವಾಗಿ ಮೇಲಕ್ಕೆ ಬಾಗಿದವು, ಬಾಲದ ಅಡ್ಡರೆಕ್ಕೆಗಳ ತುಂಡುಗಳು ಹರಿದುಹೋದವು. ಎಲ್ಲರೂ ಜೀವಂತವಾಗಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಳಿದರು.

ಸಿಯಾಟಲ್‌ನ ವಿಮಾನದೊಳಗಿದ್ದ ಇಂಜಿನಿಯರ್ ಅಂದು ಕಿಟಕಿಯಿಂದ ಒಂದು ಫೋಟೋ ತೆಗೆದಿದ್ದ. ಕೆಳಗೆ ನೆಲ, ಅದರ ಮೇಲೆ ರೆಕ್ಕೆ, ರೆಕ್ಕೆಯ ಮೇಲ್ಗಡೆ ಇಂಜಿನ್ನುಗಳು. ಜಾನ್‌ಸ್ಟನ್ 1998ರಲ್ಲಿ ತೀರಿಕೊಂಡ. ವಿಮಾನ 2003ರಿಂದ ವಾಷಿಂಗ್ಟನ್ ನಗರದ ಬಳಿಯ ಸ್ಮಿತ್‌ಸೋನಿಯನ್ ವಿಮಾನ ಸಂಗ್ರಹಾಲಯದಲ್ಲಿ ಅದೇ ಹಳದಿ-ಕಂದು ಬಣ್ಣದಲ್ಲಿ ನಿಂತಿದೆ.